ಆಫ್ ಮಾಡಿದ ಇಂಜಿನ್ ಮಲಗಿರಲ್ಲ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಮೇಲಿಂದ ಮಳೆಗಾಲದ ಕಡಲು. ಆಗ ಮಲ್ಪೆ ಬಂದರಿಗೆ ಹೋದರೆ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ನೋಡಿದವರಿಗೆ ರಜಾ ಅನ್ನಿಸುತ್ತೆ. ಆದರೆ ಇಂಜಿನ್ ಮೆಕ್ಯಾನಿಕ್‌ಗಳಿಗೆ ಪುರಸೊತ್ತೇ ಇಲ್ಲದ ಸೀಸನ್ ಇದು. ಹತ್ತು ತಿಂಗಳು ಉಪ್ಪುನೀರಿನಲ್ಲಿ ದುಡಿದ ಇಂಜಿನ್ನನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಆಗಸ್ಟ್ ಒಳಗೆ ಮತ್ತೆ ಕೂರಿಸಿ ಕೊಡಬೇಕು.

ನಾವು ಮೆಕ್ಯಾನಿಕಲ್ ಸೆಕೆಂಡ್ ಇಯರ್‌ನವರು. ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಮನ್ನು ಕಣ್ಣು ಮುಚ್ಚಿಕೊಂಡು ಬರೀತೀವಿ. ಕಂಪ್ರೆಶನ್ ರೇಶಿಯೋ, ಕಟ್-ಆಫ್ ರೇಶಿಯೋ ಕೊಟ್ಟರೆ ಎಫಿಶಿಯೆನ್ಸಿ ಹೇಳ್ತೀವಿ. ಅದೇ ಇಂಜಿನ್ನಿನ ಯಾವ ನಟ್ಟನ್ನು ಯಾವಾಗ ಬಿಚ್ಚಬಾರದು ಅಂತ ಇವತ್ತಿನವರೆಗೆ ಯಾವ ಪೇಪರಲ್ಲೂ ಬಂದಿಲ್ಲ. ನಮ್ಮಲ್ಲಿ ಕೆಲವರು ಬಂದರಿನ ಕಡೆ ಇಂಟರ್ನ್‌ಶಿಪ್ ಮಾಡ್ತಾರೆ, ಕೆಲವರು ಡಿಗ್ರಿ ಮುಗಿಸಿ ಒಂದು ವರ್ಷದ ಜಿಎಂಇ ಕೋರ್ಸ್ ಮಾಡಿಕೊಂಡು ಮರ್ಚೆಂಟ್ ನೇವಿ ಹಡಗು ಹತ್ತುತ್ತಾರೆ. ಹಾಗಾಗಿ ಮೆರೈನ್ ಡೀಸೆಲ್ ಇಂಜಿನ್ನನ್ನು ಕೈಕಾಲು ಕಳೆದುಕೊಳ್ಳದೆ ಸರ್ವಿಸ್ ಮಾಡುವುದು ಹೇಗೆ ಅಂತ ಓದಿ, ಬಲ್ಲವರನ್ನು ಕೇಳಿ, ಅರ್ಥ ಮಾಡಿಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಲ್ಪೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ನಾವು ಮಾತಾಡಿದೆವು. ಎಲ್ಲಕ್ಕಿಂತ ಮೊದಲು ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ ಅವರು ಆಯಿಲ್ ಅನ್ನಲಿಲ್ಲ, ಫಿಲ್ಟರ್ ಅನ್ನಲಿಲ್ಲ. “ಮೊದಲು ಬೋಟಿನ ಕೀ ನನ್ನ ಕಿಸೆಗೆ. ಮತ್ತೆ ಉಳಿದದ್ದು ನೋಡುವ,” ಅಂದರು. ಆ ಒಂದು ಮಾತಿಗೆ ಕಾರಣ ಏನು ಅಂತ ಬಿಡಿಸುತ್ತಾ ಹೋದರೆ ಇಡೀ ವಿಷಯವೇ ಬಿಚ್ಚಿಕೊಳ್ಳುತ್ತೆ. ಆಫ್ ಮಾಡಿದ ಇಂಜಿನ್ ತಿರುಗುವುದನ್ನು ಮಾತ್ರ ನಿಲ್ಲಿಸಿರುತ್ತೆ. ಅದರೊಳಗೆ ಬಿಸಿ ಇರುತ್ತೆ, ಒತ್ತಡ ಇರುತ್ತೆ, ಬ್ಯಾಟರಿಯಲ್ಲಿ ಚಾರ್ಜ್ ಇರುತ್ತೆ, ಪೈಪಿನಲ್ಲಿ ಡೀಸೆಲ್ ಇರುತ್ತೆ, ಹೊರಗೆ ಇಡೀ ಸಮುದ್ರ ಒಳಗೆ ಬರಲು ಕಾಯ್ತಾ ಇರುತ್ತೆ. ಸೇಫಾಗಿ ಸರ್ವಿಸ್ ಮಾಡೋದು ಅಂದರೆ ಉಳಿದಿರುವ ಆ ಎನರ್ಜಿಗಳನ್ನು ಒಂದೊಂದಾಗಿ ಹುಡುಕಿ, ಖಾಲಿ ಮಾಡಿ, ಇಲ್ಲವೇ ಕಟ್ಟಿಹಾಕಿ, ಆಮೇಲೆ ಕೈ ಹಾಕೋದು.

ಲಾರಿ ಇಂಜಿನ್ನಿಗೂ ಇದಕ್ಕೂ ಏನು ವ್ಯತ್ಯಾಸ?

ಬ್ಲಾಕ್ ನೋಡಿದರೆ ಎಷ್ಟೋ ಸಲ ವ್ಯತ್ಯಾಸವೇ ಇಲ್ಲ. ಮೀನುಗಾರಿಕೆ ಬೋಟುಗಳಲ್ಲಿ ಲಾರಿ-ಬಸ್ಸಿನ ಇಂಜಿನ್ನನ್ನೇ ಕಡಲಿಗೆ ಹೊಂದಿಸಿ ಕೂರಿಸಿರುವುದು ತುಂಬಾ ಸಾಮಾನ್ಯ. ಇನ್ನೊಂದು ತುದಿಯಲ್ಲಿ ಕಂಟೇನರ್ ಹಡಗುಗಳ ಇಂಜಿನ್ ಇದೆ. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಹಡಗಿನ ಇಂಜಿನ್ನಿಗೆ 14 ಸಿಲಿಂಡರ್, ಒಂದೊಂದು ಸಿಲಿಂಡರಿನ ಬೋರ್ 960 ಮಿಲಿಮೀಟರ್, ಸ್ಟ್ರೋಕ್ 2.5 ಮೀಟರ್, ಒಟ್ಟು ಒಂದು ಲಕ್ಷ ಹಾರ್ಸ್‌ಪವರ್ ದಾಟುತ್ತೆ. ಸಿಲಿಂಡರಿನೊಳಗೆ ಒಬ್ಬ ಮನುಷ್ಯ ಆರಾಮಾಗಿ ನಿಲ್ಲಬಹುದು. ಎರಡೂ ‘ಮೆರೈನ್ ಡೀಸೆಲ್’ಗಳೇ. ಸೈಜು ಬದಲಾದರೂ ಅಪಾಯಗಳ ಜಾತಿ ಹೆಚ್ಚುಕಡಿಮೆ ಒಂದೇ.

ಲಾರಿ ಇಂಜಿನ್ ಬೋಟಿಗೆ ಬಂದಾಗ ಮೊದಲು ಬದಲಾಗುವುದು ಕೂಲಿಂಗ್. ಲಾರಿಯಲ್ಲಿ ಮುಂದಿನಿಂದ ಗಾಳಿ ಬಡಿಯುತ್ತೆ, ರೇಡಿಯೇಟರ್ ಇದೆ, ಫ್ಯಾನ್ ಇದೆ. ಬೋಟಿನ ಇಂಜಿನ್ ರೂಮಿಗೆ ಅಂಥ ಗಾಳಿ ಎಲ್ಲಿಂದ ಬರಬೇಕು? ಹಾಗಾಗಿ ಎರಡು ನೀರಿನ ಸರ್ಕ್ಯೂಟ್ ಇರುತ್ತೆ. ಒಳಗಿನದು ಕೂಲೆಂಟ್ ಹಾಕಿದ ಸಿಹಿನೀರು, ಅದು ಇಂಜಿನ್ ಸುತ್ತ ಮಾತ್ರ ಓಡಾಡುತ್ತೆ. ಹೊರಗಿನದು ಸಮುದ್ರದ ನೀರು. ಬೋಟಿನ ತಳದಲ್ಲಿರುವ ಸೀ-ಕಾಕ್ ಅನ್ನುವ ವಾಲ್ವಿನಿಂದ ಒಳಗೆ ಬಂದು, ಹೀಟ್ ಎಕ್ಸ್‌ಚೇಂಜರಿನಲ್ಲಿ ಸಿಹಿನೀರಿನ ಬಿಸಿ ಹೀರಿಕೊಂಡು ಹೊರಗೆ ಹೋಗುತ್ತೆ. ಕೆಲವು ಬೋಟುಗಳಲ್ಲಿ ಇದರ ಬದಲು ತಳಕ್ಕೆ ಪೈಪ್ ಜೋಡಿಸಿ ಸಿಹಿನೀರನ್ನು ಅಲ್ಲೇ ತಣ್ಣಗೆ ಮಾಡ್ತಾರೆ, ಅದಕ್ಕೆ ಕೀಲ್ ಕೂಲಿಂಗ್ ಅಂತಾರೆ.

ಎರಡನೇ ವ್ಯತ್ಯಾಸ ಗಂಟೆಗಳ ಲೆಕ್ಕ. ಇಂಜಿನ್ ಆಯಿಲನ್ನು ಎಷ್ಟೋ ಮ್ಯಾನುಯಲ್‌ಗಳು 250 ಗಂಟೆಗೊಮ್ಮೆ ಬದಲಿಸಲು ಹೇಳ್ತವೆ. ಗಂಟೆಗೆ 40 ಕಿಲೋಮೀಟರಿನಂತೆ ಲಾರಿ ಓಡಿದರೆ ಅದು 10,000 ಕಿಲೋಮೀಟರ್. ಆಳಸಮುದ್ರಕ್ಕೆ ಹೋಗುವ ಬೋಟು ಹತ್ತು ದಿನ ಇಂಜಿನ್ ಹೆಚ್ಚುಕಡಿಮೆ ನಿಲ್ಲಿಸದೇ ಓಡಿಸಿದರೆ 240 ಗಂಟೆ. ಅಂದರೆ ಒಂದೇ ಟ್ರಿಪ್ಪು! ಹೈವೇ ಪಕ್ಕದ ಗ್ಯಾರೇಜು ಅಲ್ಲಿಲ್ಲ. ಇಂಜಿನ್ ಕೈಕೊಟ್ಟರೆ ತಾಂಡೇಲರು ವೈರ್‌ಲೆಸ್‌ನಲ್ಲಿ ಪಕ್ಕದ ಬೋಟನ್ನು ಕರೆದು ಹಗ್ಗ ಕಟ್ಟಿಸಿಕೊಂಡು ಬರಬೇಕು. ಹಾಗಾಗಿ ಕಡಲಲ್ಲಿ ಮೇಂಟೆನೆನ್ಸ್ ಕೂಡ ಸೇಫ್ಟಿಯದ್ದೇ ಒಂದು ಭಾಗ.

ಕೈ ಹಾಕುವ ಮೊದಲು

ಈಗ ಕೀ ವಿಷಯಕ್ಕೆ ಬರೋಣ. ಇಂಜಿನ್ ರೂಮ್ ಕೆಳಗೆ, ಸ್ಟಾರ್ಟ್ ಮಾಡುವ ಜಾಗ ಮೇಲೆ ವೀಲ್‌ಹೌಸಿನಲ್ಲಿ. ಕೆಳಗೆ ಬೆಲ್ಟಿನ ಹತ್ತಿರ ಕೈ ಇಟ್ಟವನು ಮೇಲಿನವರಿಗೆ ಕಾಣಿಸಲ್ಲ. ಯಾರೋ ಬಂದು, ಬಿಲ್ಜ್ ಪಂಪ್ ಹಾಕೋಣ, ಬ್ಯಾಟರಿ ಚಾರ್ಜ್ ಮಾಡೋಣ ಅಂತ ಕೀ ತಿರುಗಿಸಿದರೆ ಮುಗೀತು. ಕಾರ್ಖಾನೆಗಳಲ್ಲಿ ಇದಕ್ಕೆ ಲಾಕ್‌ಔಟ್-ಟ್ಯಾಗ್‌ಔಟ್ ಅಂತ ದೊಡ್ಡ ಹೆಸರಿದೆ: ಬೀಗ ಹಾಕಿ, ಬೋರ್ಡ್ ತೂಗುಹಾಕಿ. ಬೋಟಿನಲ್ಲಿ ಅದೇ ಕೆಲಸವನ್ನು ಕಿಸೆಯಲ್ಲಿರುವ ಕೀ, ಸ್ಟಾರ್ಟ್ ಬಟನ್ನಿನ ಮೇಲೆ ಕಟ್ಟಿದ ಒಂದು ರಟ್ಟು ಮಾಡುತ್ತೆ. ‘ಕೆಳಗೆ ಜನ ಇದ್ದಾರೆ’ ಅಂತ ಅದರಲ್ಲಿ ಬರೆಯಬೇಕಾದ್ದು ಕನ್ನಡದಲ್ಲೋ, ತುಳುವಲ್ಲೋ, ಹಿಂದಿಯಲ್ಲೋ ಅನ್ನೋದು ಬೋಟಿನಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ. ಬೋಟುಗಳಲ್ಲಿ ಈಗ ಬೇರೆ ಬೇರೆ ರಾಜ್ಯಗಳಿಂದ ಬಂದವರೂ ದುಡೀತಾರೆ. ಅವರಿಗೆ ಓದಲು ಬಾರದ ಭಾಷೆಯ ಬೋರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೀ ಆದಮೇಲೆ ಬ್ಯಾಟರಿ. ಮೊದಲು ನೆಗೆಟಿವ್ ಬಿಚ್ಚಬೇಕು, ವಾಪಸ್ ಹಾಕುವಾಗ ನೆಗೆಟಿವ್ ಕೊನೆಗೆ. ಇದನ್ನು ಎಲ್ಲರೂ ಹೇಳ್ತಾರೆ, ಯಾಕೆ ಅಂತ ಹೇಳೋರು ಕಮ್ಮಿ. ಸಾಮಾನ್ಯವಾಗಿ ಇಂಜಿನ್ನಿನ ಬ್ಲಾಕ್ ಬ್ಯಾಟರಿಯ ನೆಗೆಟಿವ್‌ಗೆ ಸೇರಿಕೊಂಡಿರುತ್ತೆ. ನೆಗೆಟಿವ್ ಟರ್ಮಿನಲ್ ಬಿಚ್ಚುವಾಗ ಸ್ಪ್ಯಾನರ್ ಬ್ಲಾಕಿಗೆ ತಾಗಿದರೆ ಎರಡೂ ಒಂದೇ ಪೊಟೆನ್ಶಿಯಲ್, ಏನೂ ಆಗಲ್ಲ. ನೆಗೆಟಿವ್ ಇನ್ನೂ ಕನೆಕ್ಟ್ ಆಗಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬ್ಲಾಕಿಗೆ ತಾಗಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗಾಗುತ್ತೆ, ಕಿಡಿ ಹಾರುತ್ತೆ. ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ ಅಂತ ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ್ದೇವೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಇದ್ದರೂ ಹೊತ್ತಿಕೊಳ್ಳುತ್ತೆ. ಕಿಟಕಿ ಇಲ್ಲದ ಇಂಜಿನ್ ರೂಮಿನಲ್ಲಿ ಕಿಡಿ ಮತ್ತು ಹೈಡ್ರೋಜನ್ ಭೇಟಿಯಾಗಬಾರದು. ಅಂದಹಾಗೆ ಕೈಯಲ್ಲಿರುವ ಉಂಗುರ, ಸ್ಟೀಲ್ ಬಳೆ, ವಾಚು ಇವೂ ಸ್ಪ್ಯಾನರಿನಷ್ಟೇ ಒಳ್ಳೆಯ ಕಂಡಕ್ಟರ್‌ಗಳು. ತೆಗೆದು ಮೇಲಿಟ್ಟು ಇಳಿಯೋದು ಒಳ್ಳೇದು.

ಬ್ಯಾಟರಿ ಬಿಚ್ಚಿದ ಮೇಲೂ ಇಂಜಿನ್ ತಿರುಗಬಹುದು ಅನ್ನೋದು ನಮಗೆ ಹೊಸದಾಗಿತ್ತು. ಕೆಟ್ಟುನಿಂತ ಬೋಟನ್ನು ಎಳೆದುಕೊಂಡು ಹೋಗುವಾಗ ನೀರು ಪ್ರೊಪೆಲ್ಲರನ್ನು ಗಾಳಿಗಿರಗಿಟ್ಲೆ ತರಹ ತಿರುಗಿಸುತ್ತೆ, ಅದರ ಜೊತೆ ಶಾಫ್ಟೂ ತಿರುಗುತ್ತೆ. ಆಗ ಶಾಫ್ಟ್ ಕಪ್ಲಿಂಗ್ ಮೇಲೆ ಕೆಲಸ ಮಾಡಬೇಕಾದರೆ ಶಾಫ್ಟನ್ನು ಕಟ್ಟಿ ನಿಲ್ಲಿಸಲೇಬೇಕು. ದೊಡ್ಡ ಹಡಗುಗಳಲ್ಲಿ ಇಂಜಿನ್ ಸ್ಟಾರ್ಟ್ ಆಗುವುದು ಸುಮಾರು 30 ಬಾರ್ ಒತ್ತಡದ ಗಾಳಿಯಿಂದ. ಅಲ್ಲಿ ಆ ಗಾಳಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಒತ್ತಡವನ್ನೂ ಬಿಟ್ಟು, ಟರ್ನಿಂಗ್ ಗೇರ್ ಸೇರಿಸಿದ ಮೇಲೆಯೇ ಒಳಗೆ ಇಳಿಯೋದು.

ಬಿಸಿನೀರಿನ ಲೆಕ್ಕ

ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನು ಬಿಸಿ ಇದ್ದಾಗ ತೆಗೆಯಬೇಡಿ ಅಂತ ಬೈಕ್ ಓಡಿಸೋರಿಗೂ ಗೊತ್ತು. ಆದರೆ ಎಷ್ಟು ಅಪಾಯ ಅಂತ ನಾವು ಸ್ಟೀಮ್ ಟೇಬಲ್ ತೆಗೆದು ಲೆಕ್ಕ ಹಾಕಿದಾಗಲೇ ಹೆದರಿಕೆ ಆಗಿದ್ದು. ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇರುತ್ತೆ. ಅದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು 1 ಬಾರ್ ಜಾಸ್ತಿ ಇಟ್ಟಿದೆ ಅಂದುಕೊಳ್ಳಿ. ಆ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯಲ್ಲಿ. ಓವರ್‌ಹೀಟ್ ಆದ ಇಂಜಿನ್ನಿನಲ್ಲಿ 10 ಲೀಟರ್ ನೀರು 110 ಡಿಗ್ರಿಯಲ್ಲಿದೆ. ಕುದೀತಾ ಇಲ್ಲ, ಶಬ್ದ ಇಲ್ಲ, ನೋಡೋಕೆ ಸಾಧು. ಈಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು ಕುದಿಯುವ ಬಿಂದು 100 ಡಿಗ್ರಿಗೆ ಬರುತ್ತೆ. ಹೆಚ್ಚಿನ 10 ಡಿಗ್ರಿಯ ಬಿಸಿ ಎಲ್ಲಿಗೆ ಹೋಗಬೇಕು? ಸುಮಾರು 420 ಕಿಲೋಜೌಲ್. ಅದನ್ನು ಲೇಟೆಂಟ್ ಹೀಟ್ 2257ರಿಂದ ಭಾಗಿಸಿದರೆ 0.186 ಕಿಲೋ ನೀರು ಆ ಕ್ಷಣವೇ ಆವಿ. ತೂಕದಲ್ಲಿ ಎರಡು ಪರ್ಸೆಂಟ್ ಕೂಡ ಇಲ್ಲ. ಆದರೆ 100 ಡಿಗ್ರಿಯಲ್ಲಿ ಒಂದು ಕಿಲೋ ಆವಿಗೆ 1.67 ಘನಮೀಟರ್ ಜಾಗ ಬೇಕು. ಅಂದರೆ 300 ಲೀಟರಿಗಿಂತ ಜಾಸ್ತಿ ಆವಿ, ಒಂದೂವರೆ ಬ್ಯಾರೆಲ್ಲು. ಅದು ಅಂಗೈಯಗಲದ ಬಾಯಿಯಿಂದ, ಉಳಿದ ಕುದಿನೀರನ್ನೂ ದಬ್ಬಿಕೊಂಡು, ಮುಚ್ಚಳ ತೆಗೆದವನ ಮುಖದ ಕಡೆಗೇ ಬರುತ್ತೆ. ಕೂಲೆಂಟ್ ಸೇರಿಸಿದ ನೀರಿಗೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಮುಖಕ್ಕೆ ಅದರಿಂದ ಏನೂ ವ್ಯತ್ಯಾಸ ಆಗಲ್ಲ. ಟ್ಯಾಂಕನ್ನು ಕೈಯಲ್ಲಿ ಮುಟ್ಟಿ ಹಿಡಿದುಕೊಳ್ಳುವಷ್ಟು ತಣ್ಣಗಾಗುವ ತನಕ ಕಾಯೋದೇ ದಾರಿ.

ಆಯಿಲ್‌ಗೆ ಮಾತ್ರ ತದ್ವಿರುದ್ಧ ಸಲಹೆ. ಪೂರ್ತಿ ತಣ್ಣಗಾದರೆ ಆಯಿಲ್ ಗಟ್ಟಿಯಾಗಿ, ಕೊಳೆ ಎಲ್ಲ ತಳದಲ್ಲೇ ಉಳಿದುಬಿಡುತ್ತೆ. ಹದವಾಗಿ ಬೆಚ್ಚಗಿರುವಾಗ ಇಳಿಸಬೇಕು. ಇಳಿಸುವ ಮೊದಲು ಡಿಪ್‌ಸ್ಟಿಕ್ ತೆಗೆದು ನೋಡೋದು ಮರೆಯಬಾರದು, ಯಾಕೆಂದರೆ ಅದು ಇಂಜಿನ್ನಿನ ಬ್ಲಡ್ ರಿಪೋರ್ಟ್. ಆಯಿಲ್ ಹಾಲು ಬೆರೆಸಿದ ಕಾಫಿ ತರಹ ಕಂಡರೆ ಒಳಗೆ ನೀರು ಸೇರಿದೆ. ಲೆವೆಲ್ ಕಮ್ಮಿ ಆಗೋದು ಬಿಟ್ಟು ಜಾಸ್ತಿಯಾಗಿದ್ದರೆ ನೀರೋ ಡೀಸೆಲ್ಲೋ ಇಳಿಯುತ್ತಿದೆ. ‘ಆಯಿಲ್ ಕುಡೀತಾನೇ ಇಲ್ಲ, ಒಳ್ಳೇ ಇಂಜಿನ್’ ಅಂತ ಖುಷಿಪಡುವ ಸಂಗತಿ ಖಂಡಿತ ಅಲ್ಲ. ಹಳೆ ಆಯಿಲನ್ನು ಬಿಲ್ಜಿಗೆ ಬಿಟ್ಟು ಅಲ್ಲಿಂದ ಕಡಲಿಗೆ ಪಂಪ್ ಮಾಡುವವರಿದ್ದಾರೆ. ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮದಂತೆ ಹೊರಗೆ ಬಿಡುವ ಬಿಲ್ಜ್ ನೀರಿನಲ್ಲಿ ಎಣ್ಣೆ 15 ಪಿಪಿಎಂ ಮೀರುವಂತಿಲ್ಲ. ಅದೇ ನೀರಿನ ಮೀನು ನಾಳೆ ನಮ್ಮ ಹಾಸ್ಟೆಲ್ ಮೆಸ್ಸಿಗೆ ಬರುತ್ತೆ ಅನ್ನೋದೂ ಒಂದು ಕಾರಣ.

ಅರ್ಧ ಬೈಟು ಕಾಫಿಯಷ್ಟು ನೀರು

ಸಮುದ್ರದ ನೀರನ್ನು ಎಳೆಯುವ ಪಂಪಿನೊಳಗೆ ರಬ್ಬರಿನ ಒಂದು ಇಂಪೆಲ್ಲರ್ ಇರುತ್ತೆ, ಹೂವಿನ ಎಸಳುಗಳ ಹಾಗೆ ರೆಕ್ಕೆ. ನೀರಿಲ್ಲದೆ ಓಡಿದರೆ ಅದು ಬೇಗ ಸುಟ್ಟು ಹರಿಯುತ್ತೆ, ಯಾಕೆಂದರೆ ಅದಕ್ಕೆ ಲೂಬ್ರಿಕೇಶನ್ ಕೂಡ ಆ ನೀರೇ. ಸರ್ವಿಸ್ ಮಾಡುವಾಗ ಮೊದಲು ಸೀ-ಕಾಕ್ ಮುಚ್ಚಬೇಕು, ಇಲ್ಲದಿದ್ದರೆ ಪಂಪಿನ ಮುಚ್ಚಳ ತೆಗೆದ ಕೂಡಲೇ ಕಡಲು ಬೋಟಿನೊಳಗೆ. ಇಂಪೆಲ್ಲರ್ ಹೊರಗೆ ತೆಗೆದಾಗ ಎಸಳುಗಳನ್ನು ಎಣಿಸಬೇಕು. ಒಂದು ಕಮ್ಮಿ ಇದ್ದರೆ ಹೊಸ ಇಂಪೆಲ್ಲರ್ ಹಾಕಿ ಕೈ ತೊಳೆದುಕೊಂಡರೆ ಸಾಲದು. ಕಳೆದುಹೋದ ಆ ತುಂಡು ಮುಂದೆ ಹೀಟ್ ಎಕ್ಸ್‌ಚೇಂಜರಿನ ಟ್ಯೂಬುಗಳ ಬಾಯಲ್ಲಿ ಕೂತಿರುತ್ತೆ. ಅದನ್ನು ಹುಡುಕಿ ತೆಗೆಯದಿದ್ದರೆ ಮುಂದಿನ ಓವರ್‌ಹೀಟಿಂಗ್‌ಗೆ ಇವತ್ತೇ ಬುಕ್ಕಿಂಗ್ ಆದ ಹಾಗೆ. ಎಕ್ಸ್‌ಚೇಂಜರಿನಲ್ಲಿ ಪೆನ್ಸಿಲ್ ಗಾತ್ರದ ಸತುವಿನ ಕಡ್ಡಿಯೂ ಇರುತ್ತೆ. ಉಪ್ಪುನೀರಿನಲ್ಲಿ ಬೇರೆ ಲೋಹಗಳ ಬದಲು ತಾನು ಕರಗೋದೇ ಅದರ ಕೆಲಸ. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಬದಲಿಸಬೇಕು. ‘ಹೊಸದರ ಹಾಗೇ ಇದೆ’ ಅಂದರೆ ಅದು ಕನೆಕ್ಟೇ ಆಗಿಲ್ಲ ಅಂತ ಅನುಮಾನ ಪಡಬೇಕು.

ಇನ್ನು ನಮಗೆ ತುಂಬಾ ಇಷ್ಟವಾದ, ಹೆದರಿಸಿದ ವಿಷಯ ಹೈಡ್ರೋಲಾಕ್. (ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಕ್ಲಬ್ಬಿನ ಗ್ರೂಪಲ್ಲಿ ಕೇಳಿದ್ವಿ. ‘ಜಲಬಂಧನ’ ಅಂತ ಒಬ್ಬರು ಹಾಕಿದರು. ಯೋಗಾಸನದ ಹೆಸರಿನ ಹಾಗಿದೆ ಅಂತ ಬಿಟ್ಟೆವು.) ಟೂರಿಸ್ಟ್ ಬೋಟು, ಯಾಟ್‌ಗಳಂಥವುಗಳಲ್ಲಿ ಹೊಗೆಯನ್ನು ತಣ್ಣಗೆ ಮಾಡಲು, ಬಳಸಿ ಬಿಟ್ಟ ಸಮುದ್ರದ ನೀರನ್ನು ಎಕ್ಸಾಸ್ಟ್ ಪೈಪಿಗೇ ಸೇರಿಸ್ತಾರೆ. ಇಂಜಿನ್ ಓಡುವಾಗ ಹೊಗೆಯ ಒತ್ತಡ ಆ ನೀರನ್ನು ಹೊರಗೆ ದಬ್ಬುತ್ತೆ. ಈಗ ಇಂಜಿನ್ ಸ್ಟಾರ್ಟ್ ಆಗ್ತಾ ಇಲ್ಲ, ನೀವು ಸ್ಟಾರ್ಟರ್ ಒತ್ತುತ್ತಾ ಇದ್ದೀರಿ. ಪ್ರತಿ ಸಲ ಒತ್ತಿದಾಗಲೂ ಪಂಪ್ ತಿರುಗಿ ಸ್ವಲ್ಪ ಸ್ವಲ್ಪ ನೀರು ತಂದು ಸೈಲೆನ್ಸರಿಗೆ ಹಾಕುತ್ತೆ, ಹೊರಗೆ ದಬ್ಬಲು ಹೊಗೆ ಮಾತ್ರ ಇಲ್ಲ. ಸೈಲೆನ್ಸರ್ ತುಂಬಿ, ನೀರು ಹಿಂದಕ್ಕೆ ಏರಿ, ತೆರೆದಿರುವ ಎಕ್ಸಾಸ್ಟ್ ವಾಲ್ವಿನಿಂದ ಸಿಲಿಂಡರಿಗೆ ಇಳಿಯುತ್ತೆ.

ಎಷ್ಟು ನೀರು ಸಾಕು? ಒಂದು ಸಿಲಿಂಡರಿಗೆ ಒಂದು ಲೀಟರ್ ಸ್ವೆಪ್ಟ್ ವಾಲ್ಯೂಮ್, ಕಂಪ್ರೆಶನ್ ರೇಶಿಯೋ 17 ಅಂತ ಇಟ್ಟುಕೊಳ್ಳಿ. ಕ್ಲಿಯರೆನ್ಸ್ ವಾಲ್ಯೂಮ್ 1000ವನ್ನು 16ರಿಂದ ಭಾಗಿಸಿದಷ್ಟು, ಅಂದರೆ 62.5 ಮಿಲಿಲೀಟರ್. ನಮ್ಮ ಕ್ಯಾಂಟೀನಿನ ಬೈಟು ಕಾಫಿಯಲ್ಲಿ ಅರ್ಧ ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ನೀರಿದ್ದರೆ ಪಿಸ್ಟನ್ ಮೇಲಿನ ತುದಿ ಮುಟ್ಟಲು ಜಾಗವೇ ಇಲ್ಲ. ಗಾಳಿಯನ್ನು ಒತ್ತಬಹುದು, ನೀರು ಬಗ್ಗಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಸ್ಟಾರ್ಟರ್ ಒಂದೇ ತಿರುಗಿಸುವಾಗ ‘ಟಕ್’ ಅಂತ ನಿಂತರೆ ಅದೃಷ್ಟ. ಒಂದು ಸಿಲಿಂಡರ್ ಹೊತ್ತಿಕೊಂಡು ಇಂಜಿನ್ ವೇಗ ಹಿಡಿಯುವಾಗ ಇನ್ನೊಂದರಲ್ಲಿ ನೀರಿದ್ದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರಬಹುದು. ಹಾಗಾಗಿ ಸ್ಟಾರ್ಟ್ ಆಗದ ಇಂಥ ಇಂಜಿನ್ನನ್ನು ಮತ್ತೆ ಮತ್ತೆ ಕ್ರ್ಯಾಂಕ್ ಮಾಡಬೇಕಾದರೆ ಸೀ-ಕಾಕ್ ಮುಚ್ಚಿಕೊಂಡು ಮಾಡಬೇಕು, ಹೊತ್ತಿಕೊಂಡ ತಕ್ಷಣ ತೆರೀಬೇಕು. ದೊಡ್ಡ ಸರ್ವಿಸ್ ಆದಮೇಲೆ, ಇಂಧನ ಕೊಡುವ ಮುಂಚೆ, ಇಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡುವ ಅಭ್ಯಾಸಕ್ಕೂ ಇದೇ ಕಾರಣ. ಎಲ್ಲಿಯಾದರೂ ಬಿಗಿಯಾಗಿ ನಿಂತರೆ ಬಲ ಹಾಕಬಾರದು, ಏನಿದೆ ಅಂತ ನೋಡಬೇಕು. ಫೋರ್ ಸ್ಟ್ರೋಕಿಗೆ ಎರಡು ಸುತ್ತು ಯಾಕೆ ಅಂತ ನಿಮಗೆ ಗೊತ್ತು.

ಕಾಣದ ಸೂಜಿ

ಡೀಸೆಲ್ ಪೆಟ್ರೋಲಿನಷ್ಟು ಅಪಾಯ ಅಲ್ಲ ಅನ್ನೋ ಮಾತು ಬಕೆಟ್ಟಿನಲ್ಲಿ ಇರುವ ತನಕ ನಿಜ. ಬಕೆಟ್ ಡೀಸೆಲ್‌ಗೆ ಕಡ್ಡಿ ಗೀರಿ ಹಾಕಿದರೆ ಸುಲಭಕ್ಕೆ ಹೊತ್ತಿಕೊಳ್ಳಲ್ಲ. ಆದರೆ ಅದೇ ಡೀಸೆಲ್ ಸಣ್ಣ ಹನಿಗಳಾಗಿ ಸಿಡಿದು ಇನ್ನೂರು ಚಿಲ್ಲರೆ ಡಿಗ್ರಿ ಬಿಸಿ ಇರುವ ಲೋಹದ ಮೇಲೆ ಬಿದ್ದರೆ ಕಿಡಿಯೇ ಬೇಡ. ಇಂಜಿನ್ನಿನ ತತ್ವವೇ ಅದಲ್ಲವಾ? ಲೋಡಿನಲ್ಲಿ ಓಡುವ ಇಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದಕ್ಕಿಂತ ಬಿಸಿ. ಹಾಗಾಗಿಯೇ ಹಡಗುಗಳ ಸೋಲಾಸ್ ನಿಯಮ, ಇಂಧನ ಬೀಳಬಹುದಾದ ಕಡೆ 220 ಡಿಗ್ರಿ ಮೀರುವ ಮೇಲ್ಮೈಗಳಿಗೆ ಇನ್ಸುಲೇಶನ್ ಹಾಕಲೇಬೇಕು ಅನ್ನುತ್ತೆ. ಸರ್ವಿಸ್ ಮಾಡುವವರು ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಆ ಹೊದಿಕೆ ಬಿಚ್ಚಿ, ಆಮೇಲೆ ಮೂಲೆಗೆ ಎಸೆದುಹೋದರೆ ಮುಂದಿನ ಬೆಂಕಿಗೆ ಅರ್ಧ ಸಿದ್ಧತೆ ಮುಗಿದ ಹಾಗೆ.

ಇಂಜೆಕ್ಟರ್ ಪೈಪಿನ ಲೀಕ್ ಇನ್ನೂ ಮೋಸದ್ದು. ಹಳೆ ಪಂಪಿನ ಇಂಜಿನ್ನುಗಳಲ್ಲಿ ಇಂಜೆಕ್ಟರ್ ತೆರೆಯುವ ಒತ್ತಡ ಸುಮಾರು 200 ಬಾರ್. ಈಗಿನ ಕಾಮನ್ ರೈಲ್‌ಗಳಲ್ಲಿ 1500 ಬಾರ್ ದಾಟುತ್ತೆ. ಮನುಷ್ಯನ ಚರ್ಮ ತೂತಾಗಲು ಸುಮಾರು 7 ಬಾರ್ ಸಾಕು. ಕೂದಲೆಳೆಯಷ್ಟು ಬಿರುಕಿನಿಂದ ಬರುವ ಡೀಸೆಲ್ ಕಣ್ಣಿಗೆ ಕಾಣೋದೂ ಇಲ್ಲ. ‘ಎಲ್ಲಿ ಲೀಕ್ ಆಗ್ತಿದೆ’ ಅಂತ ಬೆರಳು ಸವರಿದರೆ ಅದು ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಹೋಗುತ್ತೆ. ಗ್ಲೌಸ್ ಅದನ್ನು ತಡೆಯಲ್ಲ. ಮೇಲೆ ಒಂದು ಚುಕ್ಕಿ ಗಾಯ, ನೋವೂ ಅಷ್ಟಾಗಿ ಇರಲ್ಲ. ಕೆಲವು ಗಂಟೆ ಬಿಟ್ಟು ಕೈ ಊದಿ, ಒಳಗಿನ ಮಾಂಸ ಸಾಯುತ್ತಾ ಬರುತ್ತೆ. ತಡವಾದರೆ ಬೆರಳೋ ಕೈಯೋ ಕತ್ತರಿಸುವ ತನಕ ಹೋಗಬಹುದು. ಇಂಥ ಗಾಯವಾದರೆ ಅರಿಸಿನ ಹಚ್ಚಿ ಮಲಗೋ ಹಾಗಿಲ್ಲ. ಕೂಡಲೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ‘ಹೈ ಪ್ರೆಶರ್‌ನಲ್ಲಿ ಡೀಸೆಲ್ ಒಳಗೆ ಹೋಗಿದೆ’ ಅಂತ ಸ್ಪಷ್ಟವಾಗಿ ಹೇಳಬೇಕು. ಡ್ಯೂಟಿ ಡಾಕ್ಟರಿಗೆ ಕಾಣೋದು ಚುಕ್ಕಿ ಮಾತ್ರ, ಹೇಳದಿದ್ದರೆ ಟಿಟಿ ಚುಚ್ಚಿ ಕಳಿಸಬಹುದು. ಲೀಕ್ ಹುಡುಕಲು ಉದ್ದದ ರಟ್ಟಿನ ತುಂಡು ಹಿಡಿಯಿರಿ, ರಟ್ಟು ಒದ್ದೆಯಾದ ಕಡೆ ಲೀಕ್ ಇದೆ.

ಇಲ್ಲೇ ಹಳೆ ಕೈಚಳಕಕ್ಕೂ ಹೊಸ ಇಂಜಿನ್ನಿಗೂ ಜಗಳ. ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿದರೆ ಇಂಜಿನ್ ಸ್ಟಾರ್ಟ್ ಆಗಲ್ಲ. ಹಳೆ ಇಂಜಿನ್ನಿನಲ್ಲಿ ಇಂಜೆಕ್ಟರ್ ನಟ್ ಸ್ವಲ್ಪ ಸಡಿಲಿಸಿ, ಸ್ಟಾರ್ಟರ್ ಒತ್ತಿ ಗಾಳಿ ತೆಗೆಯೋದು ಎಲ್ಲಾ ಮೆಕ್ಯಾನಿಕ್‌ಗಳೂ ಮಾಡುವ ಕೆಲಸ. ಅದೇ ಕೈ ಅಭ್ಯಾಸದಲ್ಲಿ ಕಾಮನ್ ರೈಲ್ ಇಂಜಿನ್ನಿನ ನಟ್ ಸಡಿಲಿಸಲೇಬಾರದು. ಇಂಜಿನ್ ನಿಂತ ಮೇಲೂ ರೈಲಿನಲ್ಲಿ ಒತ್ತಡ ಸ್ವಲ್ಪ ಹೊತ್ತು ಉಳಿದಿರುತ್ತೆ, ಎಷ್ಟು ನಿಮಿಷ ಕಾಯಬೇಕು ಅಂತ ಆ ಇಂಜಿನ್ನಿನ ಮ್ಯಾನುಯಲ್ಲಿನಲ್ಲೇ ಇರುತ್ತೆ. ಮೂವತ್ತು ವರ್ಷ ಅನುಭವ ಇರುವವರ ಮುಂದೆ ‘ಮ್ಯಾನುಯಲ್ ನೋಡೋಣ’ ಅನ್ನೋಕೆ ಸೆಕೆಂಡ್ ಇಯರ್ ಹುಡುಗರಿಗೆ ಧೈರ್ಯ ಬೇಕು. ಆದರೆ ಈ ಒಂದು ವಿಷಯದಲ್ಲಿ ಅನುಭವ ಹಳೆಯದಾದಷ್ಟೂ ಅಪಾಯ ಜಾಸ್ತಿ ಅಂತ ನಮಗೆ ಅನ್ನಿಸುತ್ತೆ.

ಆಫ್ ಮಾಡಿದರೂ ನಿಲ್ಲದ ಇಂಜಿನ್ ಕೂಡ ಇದೆ. ಟರ್ಬೋ ಸೀಲ್ ಹೋಗಿ ಲೂಬ್ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಇಂಜಿನ್ ಅದನ್ನೇ ಸುಟ್ಟುಕೊಂಡು ವೇಗ ಏರಿಸುತ್ತಾ ಹೋಗುತ್ತೆ. ಇದಕ್ಕೆ ರನ್‌ಅವೇ ಅಂತಾರೆ. ಡೀಸೆಲ್ ನಿಲ್ಲಿಸಿ ಪ್ರಯೋಜನ ಇಲ್ಲ, ಗಾಳಿ ನಿಲ್ಲಿಸಬೇಕು. ಗಾಳಿಯ ಬಾಯಿಗೆ ಹಲಗೆ ಅಡ್ಡ ಇಡಬೇಕು, ಇಲ್ಲವೇ ಸಿಓಟು ಸಿಲಿಂಡರ್ ಬಿಡಬೇಕು. ಅಂಗೈ ಇಟ್ಟರೆ ಅಂಗೈ ಹೋಗುತ್ತೆ, ಬಟ್ಟೆ ಇಟ್ಟರೆ ಒಳಗೆ ಎಳೆದುಕೊಳ್ಳುತ್ತೆ. ಸಾಧ್ಯವಾಗದಿದ್ದರೆ ಇಂಜಿನ್ ರೂಮಿನಿಂದ ಹೊರಗೆ ಓಡೋದು ಹೇಡಿತನ ಅಲ್ಲ.

ಬಾಗಿಲು ತೆರೆಯುವ ಆತುರ

ಹಡಗು ಹತ್ತುವ ಕನಸಿರುವವರಿಗೆ ಈ ಭಾಗ. 1947ರ ಸೆಪ್ಟೆಂಬರಿನಲ್ಲಿ ರೀನಾ ಡೆಲ್ ಪೆಸಿಫಿಕೋ ಅನ್ನುವ ಬ್ರಿಟಿಷ್ ಪ್ರಯಾಣಿಕ ಹಡಗು ಉತ್ತರ ಐರ್ಲೆಂಡಿನ ಕಡಲಲ್ಲಿ ಟ್ರಯಲ್ ಓಡುತ್ತಿತ್ತು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿದ ಹಡಗು, ಬೆಲ್‌ಫಾಸ್ಟಿನಲ್ಲಿ ರಿಪೇರಿ ಮುಗಿಸಿ ಹೊರಟಿತ್ತು. ಇಂಜಿನ್ ರೂಮಿನಲ್ಲಿ ಕ್ರ್ಯಾಂಕ್‌ಕೇಸ್ ಸ್ಫೋಟವಾಗಿ 28 ಜನ ಸತ್ತರು. ಕ್ರ್ಯಾಂಕ್‌ಕೇಸಿನಲ್ಲಿ ಇರೋದು ಲೂಬ್ ಆಯಿಲ್ ಮಾತ್ರ, ಅದು ಹೇಗೆ ಸ್ಫೋಟಿಸುತ್ತೆ?

ಒಂದು ಬೇರಿಂಗೋ ಪಿಸ್ಟನ್ನೋ ಸರಿಯಾಗಿ ಆಯಿಲ್ ಸಿಗದೆ ವಿಪರೀತ ಬಿಸಿಯಾಯಿತು ಅಂದುಕೊಳ್ಳಿ. ಅದಕ್ಕೆ ತಾಗಿದ ಆಯಿಲ್ ಆವಿಯಾಗಿ, ತುಸು ದೂರ ಹೋಗಿ ತಣ್ಣಗಾಗಿ, ಬಿಳಿ ಮಂಜಿನ ಹಾಗೆ ಕ್ರ್ಯಾಂಕ್‌ಕೇಸ್ ತುಂಬಿಕೊಳ್ಳುತ್ತೆ, ಮಡಿಕೇರಿಯ ಬೆಳಗಿನ ಹಾಗೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 50 ಮಿಲಿಗ್ರಾಂ ಮಂಜು ಸೇರಿದರೆ ಅದು ಹೊತ್ತಿಕೊಳ್ಳುವ ಮಿಶ್ರಣ. ಹೊತ್ತಿಸಲು ಆ ಬಿಸಿ ಬೇರಿಂಗೇ ಸಾಕು. ಮೊದಲ ಸ್ಫೋಟ ಕೆಲವೊಮ್ಮೆ ಚಿಕ್ಕದು. ಆದರೆ ಅದು ಬಾಗಿಲು ಕಿತ್ತುಹಾಕಿ ಒಳಗಿನ ಗ್ಯಾಸನ್ನು ಹೊರಗೆ ದಬ್ಬಿದ ಮೇಲೆ ಒಳಗೆ ಒತ್ತಡ ಕಮ್ಮಿಯಾಗಿ ಹೊಸ ಗಾಳಿ ಒಳನುಗ್ಗುತ್ತೆ. ಎರಡನೇ ಸ್ಫೋಟ ಆಗೋದು ಆಗ, ಅದು ಮೊದಲಿಗಿಂತ ಭಯಂಕರ ಇರಬಹುದು. ಹಾಗಾಗಿ ದೊಡ್ಡ ಇಂಜಿನ್ನುಗಳ ಕ್ರ್ಯಾಂಕ್‌ಕೇಸಿಗೆ ಒತ್ತಡ ಹೊರಬಿಟ್ಟು ತಕ್ಷಣ ಮುಚ್ಚಿಕೊಳ್ಳುವ ರಿಲೀಫ್ ವಾಲ್ವ್ ಇರುತ್ತೆ. 2250 ಕಿಲೋವ್ಯಾಟ್ ಅಥವಾ ಅದಕ್ಕಿಂತ ದೊಡ್ಡ, ಇಲ್ಲವೇ 300 ಮಿಲಿಮೀಟರಿಗಿಂತ ದೊಡ್ಡ ಬೋರ್ ಇರುವ ಇಂಜಿನ್ನುಗಳಿಗೆ ಮಂಜು ಅಳೆಯುವ ಡಿಟೆಕ್ಟರೋ ಅದಕ್ಕೆ ಸಮನಾದ ವ್ಯವಸ್ಥೆಯೋ ಬೇಕು.

ಮನುಷ್ಯರ ಪಾಲಿನ ಕೆಲಸ ಏನೆಂದರೆ ಕಾಯೋದು. ಅಲಾರಂ ಆಯಿತು, ಇಂಜಿನ್ ನಿಧಾನ ಮಾಡಿ ನಿಲ್ಲಿಸಿದರು. ಏನಾಗಿದೆ ಅಂತ ನೋಡಲು ಬಾಗಿಲು ತೆರೆಯಬೇಕು ಅಂತ ಯಾವ ಇಂಜಿನಿಯರಿಗಾದರೂ ಕೈ ತುರಿಸುತ್ತೆ. ತೆರೆದರೆ, ಬೇಕಾದ ಗಾಳಿಯನ್ನು ನಾವೇ ಕೊಟ್ಟ ಹಾಗೆ. ಬಾಗಿಲುಗಳ ಎದುರಿನಿಂದ ದೂರ ಸರಿದು, ಕನಿಷ್ಠ 20 ನಿಮಿಷ, ಬೇಕಾದರೆ ಇನ್ನೂ ಜಾಸ್ತಿ, ಅದು ತಾನಾಗಿ ತಣಿಯಲು ಬಿಡಬೇಕು.

ಮತ್ತೆ ಸ್ಟಾರ್ಟ್ ಮಾಡುವಾಗ

ಸರ್ವಿಸ್ ಮುಗಿದ ಖುಷಿಯಲ್ಲಿ ಎಲ್ಲರೂ ಒಟ್ಟಿಗೆ ಮೇಲೆ ಹತ್ತಿ ಕೀ ತಿರುಗಿಸೋದು ಸರಿಯಲ್ಲ. ಮೊದಲು ಸ್ಪ್ಯಾನರ್, ಸಾಕೆಟ್ ಎಣಿಸಬೇಕು, ಒಂದು ಕಮ್ಮಿ ಇದ್ದರೆ ಅದು ಎಲ್ಲೋ ತಿರುಗುವ ಜಾಗದಲ್ಲೇ ಇದೆ ಅಂತಲೇ ತಿಳಿಯಬೇಕು. ಎಣ್ಣೆಯಾದ ಚಿಂದಿಬಟ್ಟೆ ಎಲ್ಲಾ ಹೊರಗೆ. ಕೆಲವರು ಸೀ-ಕಾಕ್ ಮುಚ್ಚಿದ ಕೂಡಲೇ ಬೋಟಿನ ಕೀಯನ್ನು ಅದರ ಹಿಡಿಗೇ ನೇತುಹಾಕಿಬಿಡ್ತಾರೆ. ವಾಲ್ವ್ ತೆರೆಯಲು ಹೋಗದೆ ಕೀ ಸಿಗಲ್ಲ. ಒಂದು ರೂಪಾಯಿ ಖರ್ಚಿಲ್ಲದ ಇಂಟರ್‌ಲಾಕ್, ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬಲ್ಲಿ ಇದಕ್ಕೆ ಹತ್ತು ಮಾರ್ಕ್ಸ್ ಕೊಡಬೇಕು.

ಸ್ಟಾರ್ಟ್ ಮಾಡುವಾಗ ಇಬ್ಬರು ಬೇಕು, ಒಬ್ಬರು ಮೇಲೆ ಗೇಜ್ ನೋಡಲು, ಇನ್ನೊಬ್ಬರು ಕೆಳಗೆ ಸ್ಟಾಪ್ ಲಿವರ್ ಹತ್ತಿರ, ಬೆಲ್ಟು-ಶಾಫ್ಟಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ. ಉದ್ದ ಕೂದಲು, ಲುಂಗಿಯ ತುದಿ, ಐಡಿ ಕಾರ್ಡಿನ ದಾರ ಯಾವುದೂ ನೇತಾಡಬಾರದು. ಆಯಿಲ್ ಪ್ರೆಶರ್ ಕೆಲವೇ ಸೆಕೆಂಡಿನಲ್ಲಿ ಏರದಿದ್ದರೆ ನಿಲ್ಲಿಸಬೇಕು. ಬೋಟಿನ ಪಕ್ಕದಿಂದ ಕೂಲಿಂಗ್ ನೀರು ಬೀಳ್ತಾ ಇದೆಯಾ ಅಂತ ಬಗ್ಗಿ ನೋಡಬೇಕು, ಅರ್ಧ ನಿಮಿಷದಲ್ಲಿ ಬರದಿದ್ದರೆ ಆಗಲೂ ನಿಲ್ಲಿಸಬೇಕು. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಕೀಯನ್ನು ಮತ್ತೆ ಕಿಸೆಗೆ ಹಾಕಿಕೊಂಡು ಕೆಳಗೆ ಇಳಿದು ಹೊಸ ಗ್ಯಾಸ್ಕೆಟ್, ಫಿಲ್ಟರ್, ಹೋಸ್ ಕ್ಲಿಪ್‌ಗಳ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಬೇಕು. ಎಲ್ಲೂ ಹನಿ ಇಲ್ಲ ಅಂತಾದರೆ ಅವರ್ ಮೀಟರಿನ ಅಂಕಿ, ತಾರೀಕು, ಏನೇನು ಬದಲಿಸಿದ್ದು ಅನ್ನೋದನ್ನು ಬೋಟಿನ ಪುಸ್ತಕದಲ್ಲಿ ಬರೆದಿಡಬೇಕು. ಪುಸ್ತಕ ಇಲ್ಲದ ಬೋಟಿನಲ್ಲಿ ವೀಲ್‌ಹೌಸಿನ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದನ್ನೂ ನಾವು ನೋಡಿದೆವು, ಹಿಂದಿನ ನಾಲ್ಕು ವರ್ಷದ ಆಯಿಲ್ ಚೇಂಜು ಸಾಲಾಗಿ ಇತ್ತು.